ಹನ್ನೊಂದು ಆನೆಗಳ ರೇಖಾಗಣಿತ

೨೦೨೪ನೆಯ ಇಸವಿ, ಸೆಪ್ಟೆಂಬರ್ ಒಂಬತ್ತು, ಸೋಮವಾರ, ಮಧ್ಯಾಹ್ನ ನಾಲ್ಕು ಗಂಟೆ. ಆ ಹೊತ್ತಿಗೆ ನನ್ನ ಬೀಜಗಣಿತದ ವರ್ಗದಲ್ಲಿ ಹನ್ನೊಂದು ವಿದ್ಯಾರ್ಥಿನಿಯರಿದ್ದರು. ಧಾರವಾಡದ ಸಪ್ತಾಪುರದ ನನ್ನ ಮನೆಯಲ್ಲಿ ಅವರಲ್ಲಿ ಒಬ್ಬಳೂ ಇರಲಿಲ್ಲ. ಹನ್ನೊಂದೂ ಜನ ಕಾಬೂಲ್ ನಗರದ ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ, ಒಂದೇ ಮೊಬೈಲಿನ ಮುಂದೆ ಸಾಲಾಗಿ ಕುಳಿತಿದ್ದರು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿಯ ಸರ್ಕಾರ ಎಷ್ಟು ಹಿಂದೆ ಎಂಬುದನ್ನು ನಾನು ಲೆಕ್ಕ ಹಾಕಿಲ್ಲ.

ವರ್ಗವನ್ನು ಕೂಡಿಸಿದವಳು ಮುಸರತ. ಅವಳು ನನ್ನ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ೨೦೨೦ರಲ್ಲಿ ಕಾಬೂಲಿನಿಂದ ಧಾರವಾಡಕ್ಕೆ ಬಂದಳು. ಮರುವರ್ಷ ಅವಳ ದೇಶದಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಹುಡುಗಿಯರಿಗೆ ಆರನೆಯ ಇಯತ್ತೆಯವರೆಗಿನ ಓದು ಸಾಕೆಂದಿತು. ಅವಳ ತಂಗಿ ಗುಲಸುಮ ಆಗ ಏಳನೆಯ ಇಯತ್ತೆಯಲ್ಲಿದ್ದಳು. ಮೂರು ವರ್ಷ ಕಳೆದ ಮೇಲೂ ಏಳರಲ್ಲಿಯೇ ಇದ್ದಳು.

ಆಗಸ್ಟಿನಲ್ಲಿ ಒಂದು ದಿನ ಮುಸರತ ಮಾಳಿಗೆಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತಳು.

“ಸರ್, ನಮ್ಮ ತಂಗಿಗೆ ಫೋನ್‌ನ್ಯಾಗ ಗಣಿತ ಹೇಳಿಕೊಡ್ತೀರೇನ್ರಿ?”

“ಎಷ್ಟು ಮಂದಿ?”

“ಒಬ್ಬಾಕಿನ್ರಿ.”

ಮೊದಲ ದಿನ ತೆರೆಯ ಮೇಲೆ ಹನ್ನೊಂದು ತಲೆ ಕಂಡವು. ನಾನು ಮುಸರತಳ ಮುಖ ನೋಡಿದೆ.

“ಓಣ್ಯಾಗ ಗೊತ್ತಾಗಿಬಿಡ್ತು ಸರ್.”

“ಒಬ್ಬಾಕಿ ಅಂದಿದ್ದಿ.”

“ಒಬ್ಬಾಕಿನ ಕೇಳಿದ್ದಳ್ರಿ. ಉಳಿದವರು ಕೇಳಲಿಲ್ಲ, ಬಂದರು.”

ಅಪಾಯವನ್ನು ಅವಳು ಮುಚ್ಚಿಡಲಿಲ್ಲ. ಕಾಬೂಲಿನ ಅವರ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಗೃಹಸ್ಥ ತನ್ನ ಮನೆಯಲ್ಲಿ ಹುಡುಗಿಯರಿಗೆ ಇಂಗ್ಲಿಷ್ ಪಾಠ ನಡೆಯಲು ಬಿಟ್ಟಿದ್ದ. ಅವನನ್ನು ಕರೆದೊಯ್ದರು. ಹತ್ತೊಂಬತ್ತು ದಿನಗಳ ಮೇಲೆ ಅವನು ಮರಳಿದ; ಮನೆಗೆ ಹಾಕಿದ ಮೊಹರು ಇನ್ನೂ ಹಾಗೆಯೇ ಇತ್ತು. ನಮ್ಮ ವರ್ಗ ಗೊತ್ತಾದರೆ ಹೋಗುವವರು ಮುಸರತಳ ತಂದೆ. ಮೊಹರು ಬೀಳುವುದು ಅವರ ಮನೆಗೆ. ನನಗೆ ಏನೂ ಆಗುವುದಿಲ್ಲ. ಈ ಅಸಮತೆಯನ್ನು ಮೊದಲ ದಿನವೇ ಗುರುತಿಸಿಕೊಂಡೆ.

“ಅಲ್ಲೆ ಹೆಣ್ಣುಮಕ್ಕಳಿಗೆ ಏನು ಮಾಡ್ಲಿಕ್ಕೆ ಬಿಡ್ತಾರ?” ಎಂದು ಕೇಳಿದೆ.

“ಹೊಲಿಗಿಗೆ ಇನ್ನೂ ಏನೂ ಅಂದಿಲ್ರಿ.”

ಹೊಲಿಗೆ ಎಂದೊಡನೆ ಎದುರು ಮನೆಯ ಮುರಿಗೆವ್ವನವರನ್ನು ಕರೆಸಬೇಕಾಯಿತು. ಎಪ್ಪತ್ತೊಂದು ವರ್ಷದವರು, ಗಂಡನದು ಅರಳೆ ವ್ಯಾಪಾರದ ಮನೆತನ. ಕಸೂತಿಯಲ್ಲಿ ಅವರ ಕೈಗೆ ಈ ಓಣಿಯಲ್ಲಿ ಎರಡನೆಯವರಿಲ್ಲ. ನಾನು ವಿಷಯವನ್ನು ಆರು ವಾಕ್ಯಗಳಲ್ಲಿ ತಿಳಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು.

“ಸಾಲಿ ಬಿಡಸಾಕ ಅವರಿಗೆ ಒಂದು ಸರಕಾರನ ಬೇಕಾತೇನು? ನನಗ ನಮ್ಮಪ್ಪ ಒಬ್ಬನ ಸಾಕಾಗಿದ್ದ. ನಾಕನೇತ್ತೆಗೆ ನಿಂದರಿಸಿದ.”

“ನೀವು ಕಸೂತಿ ಕಲಿಸಿದಂಗ ಮಾಡ್ಬೇಕ್ರಿ. ನಾ ಗಣಿತ ಹೇಳ್ತೇನಿ.”

“ಮಾಡಿದಂಗ ಮಾಡೂದು ನನಗ ಬರೂದಿಲ್ಲ ಮಾಸ್ತರ. ಕಲಸೂದಾದ್ರ ಖರೇನ ಕಲಸ್ತೇನಿ.”

ಹೀಗೆ ವರ್ಗ ಎರಡು ಪಾಲಾಯಿತು. ಮೊದಲ ನಲವತ್ತು ನಿಮಿಷ ಬೀಜಗಣಿತ, ಕೊನೆಯ ಇಪ್ಪತ್ತು ನಿಮಿಷ ಸೂಜಿ. ತೆರೆಯ ಮೇಲೆ ಕಾಣುತ್ತಿದ್ದುದು ತಲೆಯ ಮೇಲೆ ಸೆರಗು ಹೊದ್ದ ಮುರಿಗೆವ್ವನವರ ಮುಖ. ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ನನ್ನ ಕೈ ಮಾತ್ರ ಬಂದು ಹೋಗುತ್ತಿತ್ತು. ಮುಸರತ ಪಕ್ಕದಲ್ಲಿ ಕುಳಿತು ನಮ್ಮ ಕನ್ನಡವನ್ನು ಅವರ ಭಾಷೆಗೆ ತಿರುಗಿಸುತ್ತಿದ್ದಳು. ನಾನು ಹೇಳಿದ ಒಂದು ವಾಕ್ಯ ಅಲ್ಲಿ ಮೂರಾಗುತ್ತಿತ್ತು. ಹೆಚ್ಚಿನ ಎರಡರಲ್ಲಿ ಏನಿರುತ್ತಿತ್ತೋ ತಿಳಿಯದು, ಹುಡುಗಿಯರು ನಗುತ್ತಿದ್ದರು.

ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ನೂಲನ್ನೇ ಎಣಿಸುತ್ತ ಸೂಜಿ ಮುಂದೆ ಹೋಗಬೇಕು. ಎಣಿಕೆ ಒಂದು ತಪ್ಪಿದರೆ ಹತ್ತು ಸಾಲು ಆದಮೇಲೆ ಸೊಂಡಿಲು ಬಾಲಕ್ಕೆ ಕೂಡುತ್ತದೆ. ಅದರ ಹೊಲಿಗೆಗಳಲ್ಲಿ ಮೆಂತಿ ಎಂಬುದೊಂದು ಬಗೆ: ಎರಡು ಎಳೆಗಳು ಒಂದರ ಮೇಲೊಂದು ಅಡ್ಡಬಿದ್ದು ಗುಣಾಕಾರದ ಚಿಹ್ನೆಯಾಗುತ್ತವೆ. ಇಷ್ಟು ವರ್ಷ ಎದುರು ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಅಪಾಯದ ಸಮಯಕ್ಕೆ ಒಂದು ತಾಲೀಮು ಏರ್ಪಡಿಸಿದೆ. ಅಂಗಳದಲ್ಲಿ ತಂದೆ ಎರಡು ಸಲ ಕೆಮ್ಮಿದರೆ ಗಣಿತ ಬರೆದ ವಹಿಗಳು ಹಾಸಿಗೆಯ ಕೆಳಗೆ, ಬಟ್ಟೆಗಳು ತೊಡೆಯ ಮೇಲೆ. ಮೊದಲ ದಿನ ಇದಕ್ಕೆ ಎರಡು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಎರಡನೆಯ ವಾರ ಐವತ್ತೈದು ಸೆಕೆಂಡು. ಮೂರನೆಯ ವಾರ ಮೂವತ್ತೆಂಟು. ಯಾರಾದರೂ ಕೇಳಿದರೆ ನಾನು ಮುರಿಗೆವ್ವನವರ ಅಣ್ಣ ಎಂದು ಹೇಳುವುದಾಗಿಯೂ ಗೊತ್ತುಮಾಡಿದೆವು.

“ಇಂಥ ಅಣ್ಣ ಮೊದಲ ಇರಬೇಕಿತ್ತು,” ಎಂದರು ಮುರಿಗೆವ್ವ.

“ಯಾಕ?”

“ಅಪ್ಪಗ ಎದುರ ಮಾತಾಡಾಕ ಅಲ್ಲ. ಅಷ್ಟು ಧೈರ್ಯ ನಿಮಗ ಎಲ್ಲಿಂದ ಬರಬೇಕು. ಸಾಲಿಗೆ ನನ್ನ ಪಾಟಿ ಹೊತಗೊಂಡು ಹೋಗಾಕ.”

ಸೆಪ್ಟೆಂಬರ್ ಇಪ್ಪತ್ತೈದು, ಬುಧವಾರ. ನಾಲ್ಕು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಕಾಬೂಲಿನಲ್ಲಿ ಎರಡು ಸಲ ಕೆಮ್ಮು ಕೇಳಿಸಿತು. ಆ ಹೊತ್ತಿಗೆ ಹಲಗೆಯ ಮೇಲೆ ಒಂದು ವರ್ಗಸಮೀಕರಣವಿತ್ತು. ನಾನು ಒರೆಸುವ ಬಟ್ಟೆ ಹುಡುಕುವಷ್ಟರಲ್ಲಿ ಮುರಿಗೆವ್ವನವರು ತಮ್ಮ ಇಳಕಲ್ ಸೀರೆಯೊಂದನ್ನು ಅದರ ಮೇಲೆ ಹರವಿ, ಮಾದರಿ ತೋರಿಸುವವರಂತೆ ಮುಂದೆ ಕುಳಿತರು. ಅಲ್ಲಿ ಹನ್ನೊಂದು ವಹಿಗಳು ಮಾಯವಾದವು. ಹನ್ನೊಂದು ಬಟ್ಟೆಗಳು ಹೊರಬಂದವು. ಇಪ್ಪತ್ತೊಂಬತ್ತು ಸೆಕೆಂಡು. ಮೆಚ್ಚಿಕೊಳ್ಳಲು ಸಮಯವಿರಲಿಲ್ಲ.

ಬಂದವರು ಆ ಭಾಗದ ನೀತಿ ಪರಿಶೀಲನೆಯ ನಿರೀಕ್ಷಕರು. ಹೆಂಗಸರಿದ್ದ ಕೋಣೆಗೆ ಅವರು ಕಾಲಿಡುವಂತಿಲ್ಲ. ಆದ್ದರಿಂದ ಬಟ್ಟೆಗಳ ಗಂಟನ್ನೂ ಮೊಬೈಲನ್ನೂ ತಂದೆಯೇ ಹೊರಕೋಣೆಗೆ ಒಯ್ದರು. ಹೆಂಗಸಿನ ದನಿಯನ್ನು ಕೇಳುವುದೂ ಅವರಿಗೆ ಸಲ್ಲದು. ಕಲಿಸುವವಳ ಮನೆಯ ಗಂಡಸನ್ನು ಕರೆಯಿರಿ ಎಂದರು. ಮುಸರತ ಫೋನನ್ನು ನನ್ನ ಕೈಯಲ್ಲಿಟ್ಟಳು.

ನಿರೀಕ್ಷಕರು ಪೇಶಾವರದಲ್ಲಿ ಬೆಳೆದವರಂತೆ, ಉರ್ದು ಬಲ್ಲವರು. ನನ್ನ ಉರ್ದು ಹುಬ್ಬಳ್ಳಿಯ ದುರ್ಗದ ಬಯಲು ಪೇಟೆಯದು, ಹಣ್ಣಿನ ಚೌಕಾಶಿಗೆ ಸಾಲುವಷ್ಟು. ಇಬ್ಬರಿಗೂ ತಿಳಿಯುವಷ್ಟಾಯಿತು. ತೆರೆಯ ಮೇಲೆ ಕಂಡ ಮುಖ ನಲವತ್ತೈದರ ಆಸುಪಾಸಿನದು, ಕ್ರೂರವಲ್ಲ, ದಣಿದದ್ದು. ಅಂಥ ಮುಖಗಳನ್ನು ನಾನು ಮೂವತ್ತಾರು ವರ್ಷದ ಮಾಸ್ತರಿಕೆಯಲ್ಲಿ ಕಂಡಿದ್ದೆ. ಸಾಲಿ ತನಿಖೆಗೆ ಬಂದು, ಹುಡುಗರನ್ನು ಬಿಟ್ಟು ಹಾಜರಿ ಪುಸ್ತಕವನ್ನೇ ನೋಡುವ ಸಾಹೇಬರ ಮುಖ ಅದು. ಅವರೊಡನೆ ನಡೆದುಕೊಳ್ಳುವ ಕ್ರಮ ನನಗೆ ಗೊತ್ತಿತ್ತು: ಎಲ್ಲಕ್ಕೂ ಹೌದೆನ್ನಬೇಕು, ಎಲ್ಲವನ್ನೂ ಬರಹದಲ್ಲಿ ಪಡೆಯಬೇಕು.

ಅವರು ಗಂಟನ್ನು ಬಿಚ್ಚಿ ಒಂದು ಬಟ್ಟೆಯನ್ನು ಎತ್ತಿ ಹಿಡಿದರು. ಅವರ ಹುಬ್ಬು ಏರಿತು. ಎರಡನೆಯದನ್ನು ಎತ್ತಿದರು, ಮೂರನೆಯದನ್ನೂ.

“ಇದು ಏನು?”

“ಆನೆ.”

“ಎಲ್ಲವೂ ಆನೆಯೇ?”

“ಹನ್ನೊಂದು ಆನೆ.”

“ಇದಕ್ಕೆ ಕಣ್ಣಿದೆ.”

“ಒಂದೇ ಕಣ್ಣು. ಪಕ್ಕದಿಂದ ನೋಡಿದ ಆನೆ.”

“ಪ್ರಾಣವಿರುವುದರ ಚಿತ್ರವನ್ನು ಮಾಡುವಂತಿಲ್ಲ ಎಂಬುದು ನಿಮಗೆ ತಿಳಿಯದೇ?”

ತಿಳಿದಿರಬೇಕಿತ್ತು. ವಹಿ ಅಡಗಿಸುವುದನ್ನು ಸೆಕೆಂಡುಗಳಲ್ಲಿ ಅಳೆದ ನಾನು, ಅದರ ಬದಲಿಗೆ ಏನನ್ನು ತೋರಿಸುತ್ತಿದ್ದೇವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮುರಿಗೆವ್ವನವರ ತವರಿನಲ್ಲಿ ಹುಡುಗಿಯ ಕೈಗೆ ಸೂಜಿ ಬಂದರೆ ಮೊದಲ ಪಾಠ ಆನೆ, ಅಂಬಾರಿ ಸಹಿತ. ಧಾರವಾಡದಲ್ಲಿ ಕುಳಿತವರಿಗೆ ಆನೆಯಲ್ಲಿ ತಪ್ಪು ಕಾಣುವುದಾದರೂ ಹೇಗೆ. ನನ್ನ ಪಕ್ಕದಲ್ಲಿ ಮುಸರತ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.

“ತಪ್ಪು ನಮ್ಮದು,” ಎಂದೆ. “ನಾವು ಹೊರದೇಶದವರು. ಆನೆಯನ್ನು ಇಂದೇ ಬಿಚ್ಚಿಸುತ್ತೇವೆ. ಏನನ್ನು ಹೊಲಿಯಬಹುದು ಎಂಬುದನ್ನು ತಾವೇ ಹೇಳಿದರೆ ಅದರಾಚೆಗೆ ಒಂದು ನೂಲೂ ಹೋಗುವುದಿಲ್ಲ.”

ಬೇಡ ಎನ್ನುವುದು ಅವರ ದಿನದ ಕೆಲಸ. ಬೇಕಾದುದು ಏನೆಂದು ಅವರನ್ನು ಬಹುಶಃ ಯಾರೂ ಕೇಳಿರಲಿಲ್ಲ. ಅವರು ಕೊಂಚ ಯೋಚಿಸಿದರು.

“ಗೆರೆ ಹೊಲಿಯಿರಿ.”

“ನೇರ ಗೆರೆಯೋ, ಓರೆ ಗೆರೆಯೋ?”

“ಎರಡೂ ಆಗಬಹುದು.”

“ಗೆರೆಗೆ ಗೆರೆ ಕೂಡಿ ಮೂಲೆಯಾದರೆ?”

“ಮೂಲೆಗೆ ಪ್ರಾಣವಿಲ್ಲ.”

“ತ್ರಿಕೋನ?”

“ಆಗಬಹುದು.”

“ಚೌಕ, ವರ್ತುಲ?”

“ಆಗಬಹುದು ಎಂದೆನಲ್ಲ.”

“ತ್ರಿಕೋನದ ಬಾಹುಗಳ ಮೇಲೆ ಚೌಕವನ್ನು ಕೂಡಿಸಿದರೆ?”

“ನೀವು ಬಹಳ ಪ್ರಶ್ನೆ ಕೇಳುತ್ತೀರಿ.”

ಈ ಹಂತದಲ್ಲಿ ಮುರಿಗೆವ್ವನವರು ಸೂಜಿಯ ಹಿಂಬದಿಯಿಂದ ನನ್ನ ಮೊಣಕಾಲನ್ನು ಚುಚ್ಚಿದರು. ನಾನು ನಿಲ್ಲಿಸಲಿಲ್ಲ.

“ನಾಳೆ ಬೇರೊಬ್ಬ ಸಾಹೇಬರು ಬಂದು ಯಾರ ಅಪ್ಪಣೆ ಎಂದು ಕೇಳಿದರೆ ಈ ಬಡವರು ಏನು ತೋರಿಸಬೇಕು? ತಾವು ಎರಡು ಸಾಲು ಬರೆದುಕೊಟ್ಟರೆ ತಮ್ಮ ಹೆಸರಿಗೂ ಚ್ಯುತಿ ಇಲ್ಲ.”

ಬೇರೊಬ್ಬ ಸಾಹೇಬ ಎಂಬ ಮಾತು ಎಲ್ಲ ಕಚೇರಿಗಳಲ್ಲಿಯೂ ಒಂದೇ ಪರಿಣಾಮ ಮಾಡುತ್ತದೆ. ತಂದೆ ಕಾಗದ ತಂದರು. ನಿರೀಕ್ಷಕರು ಹೇಳಿದರು, ತಂದೆ ಬರೆದರು: ಈ ಮನೆಯಲ್ಲಿ ಹೆಂಗಸರಿಗೆ ಗೆರೆ, ಮೂಲೆ, ತ್ರಿಕೋನ, ಚೌಕ ಮತ್ತು ವರ್ತುಲಗಳನ್ನು ಸೂಜಿಯಿಂದ ಕಲಿಸಬಹುದು.

“ಅವುಗಳಿಗೆ ಬೇಕಾಗುವ ಅಳತೆ ಮತ್ತು ಎಣಿಕೆ ಸಹ,” ಎಂದೆ. “ಎಣಿಸದೆ ಈ ಕಸೂತಿ ಬರುವುದಿಲ್ಲ.”

ಅದನ್ನೂ ಬರೆಸಿದರು. ರುಜು ಹಾಕಿದರು. ಜೇಬಿನಿಂದ ಮೊಹರು ತೆಗೆದು ಒತ್ತಿದರು. ಹೊಸ ಬಗೆಯ ಒಂದು ದಿಂಬಿನ ಕವಚವನ್ನು ಹದಿನಾಲ್ಕು ದಿನಗಳಲ್ಲಿ ಮಾದರಿಗೆಂದು ತಮಗೆ ಒಪ್ಪಿಸಬೇಕೆಂದು ತಾಕೀತು ಮಾಡಿ, ಹನ್ನೊಂದು ಆನೆಗಳನ್ನೂ ಗಂಟು ಕಟ್ಟಿಕೊಂಡು ಹೋದರು.

ಫೋನನ್ನು ಕೆಳಗಿಟ್ಟೆ. ರೇಖಾಗಣಿತ, ಅಳತೆ, ಎಣಿಕೆ. ಎಂಟನೆಯ ಇಯತ್ತೆಯ ಪಠ್ಯಕ್ರಮಕ್ಕೆ ಸರ್ಕಾರದ ಮೊಹರು ಬಿದ್ದಿತ್ತು. ಮುಸರತ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಎರಡರ ಶಬ್ದವೂ ಬರುತ್ತಿತ್ತು. ಮುರಿಗೆವ್ವನವರಿಗೆ ಮಾತ್ರ ಸಿಟ್ಟು.

“ನನ್ನ ಆನಿ ಅವಗ ಏನ ಮಾಡಿತ್ತರಿ? ಸುಮ್ಮನ ನಿಂತಿತ್ತು.”

“ಕಣ್ಣಿತ್ತಂತ.”

“ಕಣ್ಣಿದ್ದವರನ್ನ ಕಂಡ್ರ ಅಂಜಿಕಿ ಅನ್ರಿ ಅವಗ.”

ಗುಲಸುಮ ಅಪ್ಪಣೆಯ ಕಾಗದವನ್ನು ಗೋಡೆಗೆ ಅಂಟಿಸಿದಳು. ವಹಿಗಳು ಮತ್ತೆ ಹಾಸಿಗೆಯ ಕೆಳಗಿನಿಂದ ಮೇಲೆ ಬಂದವು. ಅಕ್ಷರಗಳಿದ್ದ ಪುಟಗಳಿಗೆ ಅಪಾಯ ತಪ್ಪಿರಲಿಲ್ಲ. ಆದರೆ ಚೌಕಳಿ ಕಾಗದದ ಮೇಲಿನ ಆಕೃತಿಗಳು ಇನ್ನು ಕಸೂತಿಯ ಮಾದರಿಗಳು. ಮರುದಿನದಿಂದ ಲಂಬಕೋನ ತ್ರಿಭುಜವನ್ನು ಎತ್ತಿಕೊಂಡೆ. ಬಾಹುಗಳು ಮೂರು ಮತ್ತು ನಾಲ್ಕು, ಕರ್ಣ ಐದು. ಮೂರರ ಮೇಲಿನ ಚೌಕದಲ್ಲಿ ಒಂಬತ್ತು ಮನೆ, ನಾಲ್ಕರ ಮೇಲೆ ಹದಿನಾರು, ಐದರ ಮೇಲೆ ಇಪ್ಪತ್ತೈದು. ಚಿಕ್ಕವೆರಡೂ ಕೂಡಿದರೆ ದೊಡ್ಡದು. ನಿರೀಕ್ಷಕರ ದಿಂಬಿಗೆ ಇದಕ್ಕಿಂತ ತಕ್ಕ ಅಲಂಕಾರ ನನಗೆ ಹೊಳೆಯಲಿಲ್ಲ.

ಮುರಿಗೆವ್ವನವರು ನನ್ನ ನಕ್ಷೆಯನ್ನು ನೋಡಿ ತಲೆಯಾಡಿಸಿದರು.

“ಈ ದೊಡ್ಡ ಚೌಕ ಸೊಟ್ಟ ನಿಂತೈತಿ.”

“ಕರ್ಣದ ಮ್ಯಾಲೆ ಅದ. ಹಂಗಽ ನಿಲ್ಲಬೇಕು.”

“ಸೂಜಿ ಹಂಗ ಹೋಗೂದಿಲ್ರಿ. ನೂಲು ಎಣಿಸಿ ಹೋಗತೈತಿ. ಮೂರು ಏರಿ ನಾಕು ಸರದು ಮೆಂತಿ ಹಾಕಿದ್ರ ಹಲ್ಲು ಬಿದ್ದ ಬಾಯಿ ಕಂಡಂಗ ಕಾಣತೈತಿ.”

“ಆಕೃತಿ ತಪ್ಪತದ.”

“ಅದನ್ನ ನೆಟ್ಟಗ ನಿಲ್ಲಿಸಿದ್ರ ನಿಮ್ಮ ಲೆಕ್ಕ ಸುಳ್ಳಾಗತೈತೇನು?”

“ಇಲ್ಲ.”

“ಮತ್ತ ನಿಲ್ಲಸ್ರಿ.”

ನಿಲ್ಲಿಸಿದೆ. ಮೇಲೆ ಒಂಬತ್ತರ ಚೌಕ ಮತ್ತು ಹದಿನಾರರ ಚೌಕ, ನಡುವೆ ಬರೀ ಗೆರೆಗಳ ತ್ರಿಕೋನ, ಕೆಳಗೆ ನೆಟ್ಟಗೆ ನಿಂತ ಇಪ್ಪತ್ತೈದರ ಚೌಕ. ದಿಂಬಿನ ನಾಲ್ಕು ಮೂಲೆಗಳಲ್ಲಿಯೂ ಇದೇ ಆಕೃತಿ. ಚೌಕದ ಮನೆಗೊಂದು ಮೆಂತಿ; ಮೂಲೆಗೆ ಐವತ್ತರಂತೆ ಒಟ್ಟು ಇನ್ನೂರು. ಕಡುಗೆಂಪು ನೂಲು, ಬಿಳಿಯ ಬಟ್ಟೆ. ಹನ್ನೊಂದು ಜನ ಸರದಿಯ ಮೇಲೆ ಹೊಲಿದರು. ಒಪ್ಪಿಸುವ ಮುನ್ನ ಗುಲಸುಮ ಭಾವಚಿತ್ರ ಕಳಿಸಿದಳು. ನಾನು ಅದನ್ನು ದೊಡ್ಡದು ಮಾಡಿ ಎರಡು ಸಲ ಎಣಿಸಿದೆ. ಇನ್ನೂರು. ಅಕ್ಟೋಬರ್ ಒಂಬತ್ತರಂದು ತಂದೆ ಕವಚವನ್ನು ಒಪ್ಪಿಸಿ ಬಂದರು. ನಿರೀಕ್ಷಕರು ಅದನ್ನು ಕಚೇರಿಗೆ ಕಳಿಸದೆ ಮನೆಗೆ ಒಯ್ದರೆಂದು ತಿಳಿಯಿತು. ಮಾದರಿಗಳ ವಿಷಯದಲ್ಲಿ ಅದೂ ಎಲ್ಲ ಕಚೇರಿಗಳ ರೂಢಿ.

ಅಕ್ಟೋಬರ್ ಹದಿನಾಲ್ಕು, ಸೋಮವಾರ. ವರ್ಗ ಆರಂಭವಾಗಿ ಹತ್ತು ನಿಮಿಷವಾಗಿತ್ತು. ಈ ಸಲ ಕೆಮ್ಮು ಒಂದೇ. ಒಂದು ಕೆಮ್ಮಿಗೆ ನಾವು ಯಾವ ಅರ್ಥವನ್ನೂ ಗೊತ್ತುಮಾಡಿರಲಿಲ್ಲ. ಹುಡುಗಿಯರು ವಹಿಗಳನ್ನು ಅರ್ಧಂಬರ್ಧ ಅಡಗಿಸಿದರು. ಬಾಗಿಲು ತೆರೆಯಿತು. ಒಬ್ಬ ಮುದುಕಿ, ಅವಳ ಹಿಂದೆ ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಒಳಗೆ ಬಂದರು. ಹುಡುಗಿಯ ಕೈಯಲ್ಲಿ ನಮ್ಮ ಕವಚ.

ನಿರೀಕ್ಷಕರ ಮಗಳು. ಹಿರಿಯಾಕೆ ಅವರ ತಾಯಿ. ಮುದುಕಿ ಗೋಡೆಗೆ ಒರಗಿ, ಚಹ ತರಿಸಿಕೊಂಡು, ಅದು ಆರುವ ಮೊದಲೇ ನಿದ್ದೆ ಹೋದಳು. ಹುಡುಗಿ ಕವಚವನ್ನು ಗುಲಸುಮಳ ಮುಂದೆ ಹರಡಿ ಒಂದು ಮೂಲೆಯ ಮೇಲೆ ಬೆರಳಿಟ್ಟಳು. ಮುಸರತ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು.

“ಒಂದು ಮೂಲ್ಯಾಗ ಒಂದು ಮೆಂತಿ ಕಡಿಮಿ ಐತಂತರಿ. ದೊಡ್ಡ ಚೌಕದಾಗ ಇಪ್ಪತ್ನಾಲ್ಕ ಅದಾವಂತ. ಸರಿ ಮಾಡಿಕೊಡ್ರಿ ಅಂತಾಳ.”

ನಾನು ಭಾವಚಿತ್ರವನ್ನು ತೆರೆದೆ. ನಾಲ್ಕು ಮೂಲೆಗಳಲ್ಲಿಯೂ ಇಪ್ಪತ್ತೈದು.

“ಇಪ್ಪತ್ತೈದಽ ಇದ್ದವು. ಯಾರೋ ಬಿಚ್ಚ್ಯಾರ.”

“ಈಗ ಅನಬ್ಯಾಡ್ರಿ ಸರ್.”

“ಯಾಕ ಬಿಚ್ಚಬೇಕು?”

“ಇಲ್ಲೆ ಬಂದು ನೋಡಾಕ ಒಂದು ನೆವ ಬೇಕಲ್ರಿ. ಅವರಪ್ಪನ ಕಳಿಸಿರಬೇಕು.” ಅವಳು ತೆರೆಯ ಅಂಚನ್ನು ಬೆರಳಿನಿಂದ ತೋರಿಸಿದಳು. “ವಹಿ ಕಾಣಾಕತ್ತಾವರಿ. ಹಾಸಿಗಿ ತುದಿ ನೋಡ್ರಿ.”

ನೋಡಿದೆ. ನಾಲ್ಕು ವಹಿಗಳ ಅಂಚು ಹೊರಗೆ ಕಾಣುತ್ತಿತ್ತು. ಆ ಹುಡುಗಿಯೂ ಅದನ್ನೇ ನೋಡುತ್ತಿದ್ದಳು.

ಗುಲಸುಮ ಸೂಜಿಗೆ ಕೆಂಪು ನೂಲು ಪೋಣಿಸಿ, ಖಾಲಿಯಿದ್ದ ಮನೆಯಲ್ಲಿ ಮೆಂತಿ ಹಾಕಿ ಕೊಟ್ಟಳು. ಕೆಲಸ ಒಂದು ನಿಮಿಷದ್ದು. ಅತಿಥಿ ಏಳಲಿಲ್ಲ. ಕವಚವನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಕೇಳಿದಳು. ಮುಸರತ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ.

“ಏನಂದಳು?” ಎಂದೆ.

“ಬಿಡ್ರಿ ಸರ್.”

“ಪೂರ್ತಿ ಹೇಳು.”

“ಒಂಬತ್ತು, ಹದಿನಾರು ಕೂಡಿ ಇಪ್ಪತ್ತೈದು ಆಗತೈತಿ, ನಾಲ್ಕೂ ಮೂಲ್ಯಾಗ ಹಂಗ ಐತಿ ಅಂತಾಳ್ರಿ. ಇದು ಚಂದಕ್ಕ ಮಾಡಿದ್ದೋ, ಇಲ್ಲಾ ಹಂಗ ಆಗಲೇಬೇಕೋ ಅಂತ ಕೇಳಾಕತ್ತಾಳ. ಆಗಲೇಬೇಕಂದ್ರ ಯಾಕ ಅಂತ.”

ಮೂವತ್ತಾರು ವರ್ಷಗಳಲ್ಲಿ ಈ ಪ್ರಮೇಯವನ್ನು ಸುಮಾರು ಮೂರು ಸಾವಿರ ವಿದ್ಯಾರ್ಥಿಗಳಿಗೆ ಕಲಿಸಿದ್ದೇನೆ. ಈ ಪ್ರಶ್ನೆಯನ್ನು ತಾವಾಗಿ ಕೇಳಿದವರು ಇಬ್ಬರು. ಅವಳು ಮೂರನೆಯವಳು. ನನ್ನ ಕೈ ಸುಣ್ಣದ ಕಡ್ಡಿಯ ಕಡೆಗೆ ಹೋಯಿತು.

ಮುರಿಗೆವ್ವನವರು ನನ್ನ ಮಣಿಕಟ್ಟನ್ನು ಹಿಡಿದರು.

“ಕೂಡ್ರಿ ಮಾಸ್ತರ. ಜೇಲಿಗೆ ಹೋಗೂದು ನಿಮ್ಮಪ್ಪ ಅಲ್ಲ.”

“ಕೇಳಿದ್ದಕ್ಕ ಉತ್ತರ ಕೊಡಬೇಕು.”

“ಕೊಡಬೇಕು ಖರೇ. ಹದಿನಾಕು ದಿನ ಅದನ್ನ ಹೊಲಿಸೇನಿ, ಯಾಕಂತ ನನಗೂ ಯಾರೂ ಹೇಳಲಿಲ್ಲ. ಆದ್ರ ಕೊಡಾಕಿ ಯಾರು ಅನ್ನೂದನ್ನ ಆ ಹುಡುಗಿ ಹೇಳಲಿ.”

ಆ ಹುಡುಗಿ ಎಂದರೆ ಗುಲಸುಮ. ಅವರು ಹೇಳಿದ್ದು ಸರಿಯಾಗಿತ್ತು. ನಾನು ಕುಳಿತೆ.

“ನಿನ್ನ ತಂಗೀನ ಕೇಳು,” ಎಂದೆ ಮುಸರತಳಿಗೆ. “ಹೊಲಿಗಿ ಮುಗೀತು ಅಂತ ಕಳಿಸಿಬಿಡಬಹುದು. ಆಕಿ ಹೇಳಿದಂಗ.”

ಮುಸರತ ಕೇಳಲಿಲ್ಲ, ಕೇಳುವ ಅಗತ್ಯ ಬೀಳಲಿಲ್ಲ. ಗುಲಸುಮ ಎದ್ದು ಗೋಡೆಯ ಮೇಲಿನ ಅಪ್ಪಣೆಯನ್ನು ಜೋಪಾನವಾಗಿ ಬಿಡಿಸಿ ತಂದು ನಿರೀಕ್ಷಕರ ಮಗಳ ಕೈಯಲ್ಲಿಟ್ಟಳು. ಹುಡುಗಿ ಒಂದೊಂದೇ ಪದವನ್ನು ಬಾಯಿಬಿಟ್ಟು ಓದಿದಳು. ಅವಳೂ ಆರನೆಯ ಇಯತ್ತೆಯವರೆಗೆ ಓದಿದವಳು. ಕೊನೆಯಲ್ಲಿದ್ದ ರುಜುವನ್ನು ಕಂಡು ಅವಳ ತುಟಿ ಓರೆಯಾಯಿತು.

“ಏನಂತಾಳ?”

“ಅಪ್ಪ ಮನ್ಯಾಗ ನನಗ ಇಷ್ಟು ಚಂದದ ಅಪ್ಪಣಿ ಎಂದೂ ಕೊಟ್ಟಿಲ್ಲ ಅಂತಾಳ್ರಿ.”

ಗುಲಸುಮ ಕೇಳಿದಳು: ಮೆಂತಿಯನ್ನು ಬಿಚ್ಚಿದವರು ಯಾರು?

ಹುಡುಗಿ ಮಲಗಿದ್ದ ಅಜ್ಜಿಯ ಕಡೆಗೊಮ್ಮೆ ನೋಡಿ, ತನ್ನ ಬಲಗೈಯ ಕಿರುಬೆರಳಿನ ಉಗುರನ್ನು ಎತ್ತಿ ತೋರಿಸಿದಳು.

“ಅಪ್ಪ ಕಳಿಸಿಲ್ಲಂತರಿ,” ಎಂದಳು ಮುಸರತ. “ಐದು ದಿನ ದಿಂಬಿನ ಮ್ಯಾಲೆ ಮಲಗಿ ಎಣಿಸ್ಯಾಳಂತ. ಕೇಳಾಕ ಯಾರೂ ಸಿಗಲಿಲ್ಲಂತ. ಕೆಡಿಸಿದ್ರ ಸರಿ ಮಾಡಿಸಾಕ ಹೊರಗ ಬಿಡ್ತಾರ ಅಂತ ಗೊತ್ತಿತ್ತಂತರಿ.”

ಮುರಿಗೆವ್ವನವರು ಸೆರಗಿನ ಮರೆಯಲ್ಲಿ ನಕ್ಕರು. “ಈಕಿ ಅಪ್ಪನ್ನೂ ಮೀರಿಸಿದಾಕಿ.”

ಗುಲಸುಮ ಹಾಸಿಗೆಯ ಕೆಳಗಿನಿಂದ ತನ್ನ ವಹಿಯನ್ನು ಎಳೆದಳು. ಆ ಒಂದು ಎಳೆತದಲ್ಲಿ ತನ್ನ ತಂದೆಯನ್ನು ಪಣಕ್ಕಿಟ್ಟದ್ದು ಅವಳಿಗೆ ತಿಳಿದಿತ್ತು. ಬಾಗಿಲ ಬಳಿ ನಿಂತಿದ್ದ ತಂದೆಗೂ ತಿಳಿದಿತ್ತು. ಅವರು ಬಾಗಿಲನ್ನು ಮುಂದಕ್ಕೆಳೆದು, ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಉಳಿದ ಹತ್ತು ವಹಿಗಳೂ ಹೊರಬಂದವು. ಆಮೇಲಿನ ವಿವರಣೆಗೆ ನಾನು ಬಾಯಿ ಹಾಕಲಿಲ್ಲ. ಪಾಠವನ್ನು ಮಾಡಿದವಳು ಗುಲಸುಮ.

ಹಿಂದಿನ ವಾರ ಮುರಿಗೆವ್ವನವರ ಬೆನ್ನ ಹಿಂದೆ ಹಲಗೆಯ ಮೇಲೆ ನಾನು ತೋರಿಸಿದ್ದ ಪ್ರಮೇಯದ ಸಾಧನೆಯಂತೆ, ಚೌಕಳಿ ಕಾಗದದ ಮೇಲೆ ಏಳು ಮನೆಯ ಬಾಹುವಿನ ಚೌಕ ಬರೆದಳು: ನಲವತ್ತೊಂಬತ್ತು ಮನೆ. ಅದರ ನಾಲ್ಕು ಮೂಲೆಗಳಲ್ಲಿ ಮೂರು ಮತ್ತು ನಾಲ್ಕರ ಬಾಹುಗಳುಳ್ಳ ನಾಲ್ಕು ತ್ರಿಕೋನಗಳನ್ನು ಕತ್ತರಿಸಿ ಇಟ್ಟಳು. ಒಂದೊಂದರ ಕ್ಷೇತ್ರ ಆರು, ಒಟ್ಟು ಇಪ್ಪತ್ತನಾಲ್ಕು. ನಡುವೆ ಓರೆಯಾಗಿ ನಿಂತ ಒಂದು ಚೌಕ ಉಳಿಯಿತು. ಎಷ್ಟು ಉಳಿಯಿತೆಂದು ಕೇಳಿದಳು. ಅತಿಥಿ ಬೆರಳು ಮಡಿಸದೆ ಹೇಳಿದಳು: ಇಪ್ಪತ್ತೈದು.

ಇನ್ನು ಅವೇ ನಾಲ್ಕು ತ್ರಿಕೋನಗಳನ್ನು ಅದೇ ಚೌಕದಲ್ಲಿ ಬೇರೆ ರೀತಿಯಾಗಿ ಜೋಡಿಸಬೇಕು. ಆಗ ಉಳಿಯುವ ಜಾಗ ಎರಡು ಚಿಕ್ಕ ಚೌಕಗಳಾಗುತ್ತದೆ. ಗುಲಸುಮ ಮೊದಲ ತ್ರಿಕೋನವನ್ನು ಎತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಕೆಮ್ಮಿ ಕಣ್ಣು ತೆರೆದಳು. ಹನ್ನೊಂದು ವಹಿಗಳು ಹಾಸಿಗೆಯ ಕೆಳಗೆ ಸೇರಿದವು. ಹನ್ನೆರಡನೆಯವಳು ಕತ್ತರಿಸಿದ ತ್ರಿಕೋನಗಳ ಮೇಲೆ ತಾನೇ ಕುಳಿತಳು. ತಾಲೀಮಿಲ್ಲದೆಯೂ ಅವಳ ವೇಗಕ್ಕೆ ಕೊರತೆಯಿರಲಿಲ್ಲ.

ಅಜ್ಜಿ ಕವಚವನ್ನು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಪರೀಕ್ಷಿಸಿದಳು. ಸರಿಯಾಗಿದೆ, ಇನ್ನು ಇಲ್ಲಿಗೆ ಬರುವ ಕಾರಣವಿಲ್ಲ ಎಂದಳು. ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಚಾದರ ಸರಿಪಡಿಸಿಕೊಳ್ಳಲು ಬಾಗಿಲ ಕಡೆಗೆ ತಿರುಗಿದಳು.

ಹೆಸರನ್ನು ಹಾಜರಿಯಲ್ಲಿ ಬರೆದುಕೊಳ್ಳಲೆಂದು ನಾನು ಮುಸರತಳ ಮೂಲಕ ಕೇಳಿಸಿದೆ. ಹುಡುಗಿ ಬೇಡವೆಂದು ತಲೆಯಾಡಿಸಿದಳು. ಆ ಸ್ಥಳದಲ್ಲಿ ಬರೀ ಸಂಖ್ಯೆಯನ್ನು ಬರೆದೆ. ಉಳಿದರ್ಧ ಯಾವಾಗ ಎಂದು ಕೇಳಿದಳು. ಬುಧವಾರ ಎಂದಳು ಗುಲಸುಮ.

ಬುಧವಾರ ಎಂಬುದನ್ನು ಕೇಳಿ ನಿರೀಕ್ಷಕರ ಮಗಳು ಬಾಗಿಲ ಕಡೆ ನೋಡಿದಳು. ಅಜ್ಜಿಯ ಬೆನ್ನು ಇನ್ನೂ ಇತ್ತ ಇತ್ತು. ಕವಚದ ಮೂರನೆಯ ಮೂಲೆಯನ್ನು ಹುಡುಕಿ, ಉಗುರನ್ನು ಕೆಂಪು ನೂಲಿನ ಕೆಳಗೆ ತೂರಿಸಿ, ಎಲ್ಲರ ಎದುರಿಗೇ ಒಮ್ಮೆ ಎಳೆದಳು. ನೂಲನ್ನು ಬೆರಳಿಗೆ ಸುತ್ತಿಕೊಂಡು, ಕವಚವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಆ ದಿನದ ಹಾಜರಿ ಹನ್ನೆರಡು. ಬುಧವಾರಕ್ಕೆ ಬಾಕಿ ಉಳಿದದ್ದು ಒಂದು ಮೆಂತಿ ಮತ್ತು ಅರ್ಧ ಸಾಧನೆ.